ಬಂಗಾರದವರ ಕಡೆ ಹೋದ ಬ್ಯೂಯಿಕ್

ಧಾರವಾಡದಲ್ಲಿ ಮೂರನೇ ದರ್ಜೆಯ ಡಬ್ಬಿ ಹತ್ತಿ ಕೂತಾಗ ನನ್ನ ತೊಡೆಯ ಮೇಲೆ ಒಂದು ಬೂಟಿನ ಪೆಟ್ಟಿಗೆ ಇತ್ತು. ಅದನ್ನು ಮೇಲಿನ ಹಲಗೆಗೆ ಏರಿಸಲು ಮನಸ್ಸಾಗಲಿಲ್ಲ. ಬೇರೆಯವರ ಟ್ರಂಕುಗಳನ್ನು ನಾನು ನಂಬುವುದಿಲ್ಲ. ಎದುರಿಗೆ ಬುತ್ತಿ ಬಿಚ್ಚಿದ್ದ ಹಿರಿಯರಿಗೆ ಸಿಟ್ಟು ಬಂತು. "ಉಣ್ಣೋ ಹೊತ್ತಿನ್ಯಾಗ ಬೂಟು ತೊಡಿಮ್ಯಾಲ ಯಾಕ್ರೀ? ಕೆಳಗ ಇಡ್ರಿ" ಎಂದರು. ಮುಚ್ಚಳ ತೆಗೆದು ತೋರಿಸಿದೆ. ಅರಳೆಯ ನಡುವೆ ಗೇಣುದ್ದದ ಕಪ್ಪು ಬ್ಯೂಯಿಕ್ ಕಾರು ಮಲಗಿತ್ತು. ಮೀರಜ ಬರುವವರೆಗೆ ಅದಕ್ಕೆ ಯಾರ ಮೊಣಕೈಯೂ ತಾಕದಂತೆ ಅವರೇ ಕಾವಲು ಕಾದರು.

ಆ ಕಾರನ್ನು ಮಾಡಿದವನು ನಾನೇ. ಗಡಿಯಾರ ರಿಪೇರಿ ನನ್ನ ಕಸುಬು. ಮುಂಬಯಿಯಲ್ಲಿ ನನ್ನ ಅಣ್ಣ ಒಬ್ಬ ಸೇಠರ ಬ್ಯೂಯಿಕ್ ಓಡಿಸುತ್ತಿದ್ದ. ಯುದ್ಧಕ್ಕೆ ಮುಂಚಿನ ಗಾಡಿ. ರಜೆಗೆ ಬಂದಾಗ ಅದರ ಉದ್ದಗಲವನ್ನೆಲ್ಲ ಇಂಚಿಂಚು ಬಿಡದೆ ಹೇಳುತ್ತಿದ್ದ. ಎರಡು ಅಡಿಗೆ ಒಂದು ಇಂಚಿನ ಲೆಕ್ಕದಲ್ಲಿ ಹಗುರ ಮರದಲ್ಲಿ ಅದನ್ನು ಕೆತ್ತಿದೆ. ಗಡಿಯಾರದ ಸ್ಪ್ರಿಂಗಿನಿಂದ ಬಂಪರ್ ಮಾಡಿದೆ, ಹೆಂಗಸರ ವಾಚಿನ ಪುಟ್ಟ ಚಕ್ರದಿಂದ ಸ್ಟೇರಿಂಗ್. ಒಳಗಿನ ವಿವರಗಳನ್ನು ಅಮೆರಿಕದ ಹಳೆಯ ಪತ್ರಿಕೆಯೊಂದರ ಜಾಹೀರಾತು ನೋಡಿ ತುಂಬಿದೆ. ಕೆಲಸ ಮುಗಿಯುವ ಮೊದಲೇ ಅಣ್ಣ ಕಾಮಾಲೆಯಿಂದ ತೀರಿಕೊಂಡ.

ಈಗ ಅವನ ವರ್ಷದ ಪೂಜೆಗೆ ಹೊರಟಿದ್ದೆ. ಫೋಟೊದ ಮುಂದೆ ಅವನ ಗಾಡಿ ಇರಬೇಕು, ಅದರಲ್ಲಿ ಒಂದು ಕೂದಲಿನಷ್ಟೂ ತಪ್ಪಿರಬಾರದು ಎಂಬ ಹಟ ನನ್ನದು. ನಿಜವಾದ ಗಾಡಿಯ ಪಕ್ಕಕ್ಕೆ ಹಿಡಿದು ನೋಡುವ ಆಸೆಯೂ ಇತ್ತು. ಸೇಠರು ಅದನ್ನು ಮಾರಿದ್ದಾರೆ, ಈಗ ಕುರ್ಲಾದ ಬಂಗಾರದವರ ಕಡೆ ಇದೆ ಎಂದು ವೈನಿ, ಅಂದರೆ ಅಣ್ಣನ ಹೆಂಡತಿ, ಊರವರೊಬ್ಬರ ಕೈಲಿ ಹೇಳಿ ಕಳಿಸಿದ್ದರು. ಬಂಗಾರದ ವ್ಯಾಪಾರಿಯ ಮನೆ ಸೇರಿದ ಗಾಡಿ ಸುಖವಾಗಿದ್ದೀತು ಎಂದುಕೊಂಡಿದ್ದೆ.

ಪುಣೆಯಲ್ಲಿ ರೈಲು ಬದಲಿಸಿ, ಕಲ್ಯಾಣದಲ್ಲಿ ಇಳಿದು ಲೋಕಲ್ ಹಿಡಿದೆ. ಧಾರವಾಡದ ಚಳಿಗೆ ಸ್ವೆಟರ್ ತೊಟ್ಟು ಬಂದವನು ಮುಲುಂಡ್ ದಾಟುವಷ್ಟರಲ್ಲಿ ಬೆವರಿನಿಂದ ತೊಯ್ದಿದ್ದೆ. ಕುರ್ಲಾದಲ್ಲಿ ನಾನು ಇಳಿಯಲಿಲ್ಲ, ಜನ ನನ್ನನ್ನು ಇಳಿಸಿದರು. ಪೆಟ್ಟಿಗೆಯನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದೆ.

ಚಾಳಿನ ಒಂಟಿ ಕೋಣೆಯಲ್ಲಿ ವೈನಿ ಚಹಾ ಕೊಟ್ಟರು. ಕಾರನ್ನು ಅಂಗೈಯಲ್ಲಿಟ್ಟುಕೊಂಡು ಅದರ ಕಿಟಕಿಯೊಳಗೆ ಬಹಳ ಹೊತ್ತು ನೋಡಿದರು.

"ಬಸಣ್ಣ, ಇದರಾಗ ನಿಮ್ಮಣ್ಣ ಎಲ್ಲೆ ಕುಂದರಬೇಕ್ರಿ?"

"ಎಡಕ್ಕ, ಸ್ಟೇರಿಂಗ್ ಹಿಂದ."

"ಅವರು ಬಲಕ್ಕ ಕುಂದರತಿದ್ರು."

ನನಗೆ ರೇಗಿತು. ನಮ್ಮೂರ ಬಸ್ಸುಗಳ ಸ್ಟೇರಿಂಗ್ ಬಲಕ್ಕಿದ್ದರೂ ಅಮೆರಿಕದ ಗಾಡಿಯ ರೀತಿಯೇ ಬೇರೆ ಎಂದು ನಂಬಿದ್ದೆ. "ಕಂಪನಿಯವರ ಛಾಪಿಸಿದ ಚಿತ್ರ ನೋಡಿ ಮಾಡೇನ್ರೀ ವೈನಿ. ಆ ಬಂಗಾರದವರ ಕಡೆ ಹೋಗಿ ಗಾಡೀನ ನೋಡೋಣು ನಡೀರಿ" ಎಂದೆ. ವೈನಿ ನನ್ನ ಮುಖ ನೋಡಿ, ಸೆರಗು ಹೊದ್ದು ಹೊರಟರು.

ದಾರಿಯುದ್ದಕ್ಕೂ ನಾನು ಗಾಜಿನ ಬಾಗಿಲಿನ ಅಂಗಡಿ ಹುಡುಕುತ್ತಿದ್ದೆ. ವೈನಿ ಹಳಿಯ ಪಕ್ಕದ ತಗಡಿನ ಬೇಲಿಯೊಳಗೆ ಹೊಕ್ಕರು. ಸುತ್ತ ತುಕ್ಕು ಹಿಡಿದ ಕಬ್ಬಿಣದ ರಾಶಿ. ಮುಂಬಯಿಯವರು ಗುಜರಿಗೆ ಭಂಗಾರ ಎನ್ನುತ್ತಾರೆಂದು ನನಗೆ ಅಲ್ಲಿ ನಿಂತ ಮೇಲೆ ತಿಳಿಯಿತು. ಬ್ಯೂಯಿಕ್‌ನ ಎಂಜಿನ್ ಹೋಗಿತ್ತು, ಚಕ್ರಗಳು ಹೋಗಿದ್ದವು, ಚಾವಣಿಯನ್ನು ಕೊಯ್ದಿದ್ದರು. "ಬಸ್, ಇತನಾಹೀ ಬಚಾ ಹೈ" ಎಂದ ಅಂಗಡಿಯವ, ಉಳಿದದ್ದು ಇಷ್ಟೇ ಎನ್ನುವಂತೆ ಕೈ ಚಾಚಿ.

ಸ್ಟೇರಿಂಗಿನ ಮುರಿದ ಕಂಬ ಬಲಗಡೆ ಇತ್ತು. ತಮ್ಮ ದೇಶದಲ್ಲಿ ಎಡಕ್ಕೆ ಕೂಡಿಸುವುದನ್ನು ಅಮೆರಿಕದವರು ನಮ್ಮ ರಸ್ತೆಗೆಂದು ಬಲಕ್ಕೆ ಕೂಡಿಸಿ ಕಳಿಸಿದ್ದರು. ಬಲಬಾಗಿಲಿನ ಅಂಚಿನಲ್ಲಿ ಮೊಣಕೈ ಊರಿ ಊರಿ ಬಣ್ಣ ಸವೆದುಹೋಗಿತ್ತು. ವೈನಿ ಅಲ್ಲಿ ಅಂಗೈ ಇಟ್ಟು ನಿಂತರು. ನಾನು ಬಿಸಿಲಿನಲ್ಲಿ ನಿಂತು ಅತ್ತೆ. ಅಣ್ಣ ಸತ್ತ ಸುದ್ದಿ ಬಂದಾಗಲೂ ಹಾಗೆ ಅತ್ತಿರಲಿಲ್ಲ.

ಕೋಣೆಗೆ ಮರಳಿ ಚೀಲದಿಂದ ಚಿಮಟ ತೆಗೆದೆ. ಸ್ಟೇರಿಂಗನ್ನು ಕಿತ್ತು ಬಲಕ್ಕೆ ಕೂಡಿಸಿದೆ. ಎಡಗಡೆ ಸಾಸಿವೆಯಷ್ಟು ತೂತು ಉಳಿಯಿತು. ಕಡ್ಡಿಪೆಟ್ಟಿಗೆಯ ಕಡ್ಡಿಯೊಂದನ್ನು ಕೆತ್ತಿ ಅದಕ್ಕೆ ಬೆಣೆ ಮಾಡಿಕೊಂಡೆ. ವೈನಿ ಕೈ ಅಡ್ಡ ಹಿಡಿದರು.

"ಅದನ್ನ ಮುಚ್ಚಬ್ಯಾಡ್ರಿ. ಸೇಠ ಊರಾಗ ಇಲ್ಲದಾಗ ಒಂದ್ ಸಲ ನನ್ನ ಮಾಟುಂಗಾಕ್ಕ ಇಡ್ಲಿ ತಿನ್ನಾಕ ಕರಕೊಂಡು ಹೋಗಿದ್ರು. ನಾ ಅಲ್ಲೇ ಕುಂತಿದ್ದೆ."

ಪೂಜೆಯ ಮರುದಿನ ಹೊರಟೆ. ಬೂಟಿನ ಪೆಟ್ಟಿಗೆಯಲ್ಲಿ ವೈನಿ ದಾರಿಗೆಂದು ಚಪಾತಿ ಕಟ್ಟಿಕೊಟ್ಟಿದ್ದರು. ಬಾಗಿಲವರೆಗೆ ಬಂದು ಕಳಿಸಿ ಒಳಗೆ ಹೋದರು. ಮೆಟ್ಟಿಲಿಳಿಯುವ ಮೊದಲು ತಿರುಗಿ ನೋಡಿದೆ. ಫೋಟೊದ ಮುಂದೆ ಬ್ಯೂಯಿಕ್ ನಿಂತಿತ್ತು. ವೈನಿ ಅದರ ಎಡಮಗ್ಗುಲಿಗೆ ಕುಳಿತಿದ್ದರು.