ಗೇಟಿನಾಚೆ ನಡೆಯದ ಆರ್ಡರ್

ನಮ್ಮಕ್ಕನ ಮಗಳು ಹೂಸ್ಟನ್ನಿನಲ್ಲಿ ಬೆಳೆದವಳು. ಹಟ ಹಿಡಿದು ಅಮೆರಿಕದ ಸೈನ್ಯ ಸೇರಿದ್ದಳು. ಅವಳಿದ್ದ ಸೈನ್ಯದ ಬೇಸಿನಿಂದ ರೌಂಡ್ ರಾಕ್‌ನ ನಮ್ಮ ಮನೆಗೆ ಒಂದು ಗಂಟೆ ದಾರಿ, ಶನಿವಾರ ಬಂತೆಂದರೆ ಊಟಕ್ಕೆ ಹಾಜರು.

ಆ ವರ್ಷ ಅವಳದೇ ಯೂನಿಟ್ಟಿನ ಸಾರ್ಜೆಂಟ್ ಒಬ್ಬ ಬೆನ್ನು ಹತ್ತಿದ್ದ. ಒಂದಷ್ಟು ದಿನ ಜೊತೆಯಲ್ಲಿ ಓಡಾಡಿದ್ದರು. ಇವಳು ಸಾಕು ಅಂದಳು, ಅವನು ಕೇಳಲಿಲ್ಲ. ಅವಳ ಕಾರಿನ ಟೈರು ಕೊಯ್ದು, "ಮುಂದಿನ ಸಲ ಟೈರಲ್ಲ" ಅಂದ. ಅವಳಿಂದ ದೂರ ಇರಬೇಕೆಂದು ಕಮಾಂಡರು ಅವನಿಗೆ ಲಿಖಿತ ಆರ್ಡರ್ ಕೊಟ್ಟರು. ಸದ್ಯ, ಬದುಕಿದೆವು ಅಂದುಕೊಂಡೆವು. ಅವನ ಫೋಟೋ ನಮಗೆಲ್ಲ ತೋರಿಸಿದ್ದಳು. ಮೈಸೂರಿನಿಂದ ಬಂದಿದ್ದ ನಮ್ಮತ್ತೆಗೆ ಸುಮ್ಮನೆ ಗಾಬರಿ ಯಾಕೆ ಅಂತ ಅವರೊಬ್ಬರಿಗೆ ಹೇಳಿರಲಿಲ್ಲ.

ಒಂದು ಶನಿವಾರ ತರಕಾರಿ ತಂದು ಕಾರಿಳಿದರೆ, ಬಾಗಿಲ ಪಕ್ಕ ನಮ್ಮ ಚಪ್ಪಲಿಗಳ ಸಾಲಿನಲ್ಲಿ ದೊಡ್ಡ ಕಪ್ಪು ಬೂಟುಗಳು. ಲೇಸು ಒಳಗೆ ಸೇರಿಸಿ ನೀಟಾಗಿ ಜೋಡಿಸಿಟ್ಟಿದ್ದವು.

ಒಳಗೆ ಅತ್ತೆ ಅವನ ತಟ್ಟೆಗೆ ಚಕ್ಕುಲಿ ಹಾಕುತ್ತಿದ್ದರು.

"ಬಾರಮ್ಮ. ನಿಮ್ಮ ಹುಡುಗಿ ಆಫೀಸಿನವನಂತೆ. ಗೋಡೆ ಮೇಲಿನ ಫೋಟೋ ತೋರಿಸಿ ಫ್ರೆಂಡು ಅಂದ. ನಾನು ಹೇಳದೇನೇ ಬೂಟು ಬಿಚ್ಚಿಟ್ಟು ಬಂದ ಕಣೇ! ನನ್ನ ಮಗನಿಗೇ ಆ ಬುದ್ಧಿ ಇಲ್ಲ."

ಅವನಿಗೆ ಆ ಬುದ್ಧಿ ಕಲಿಸಿದ ನಮ್ಮ ಹುಡುಗಿ ಅಷ್ಟರಲ್ಲಿ ಬೇಸಿನಿಂದ ಹೊರಟಾಗಿತ್ತು.

ಫೋನ್ ಎತ್ತಿಕೊಂಡೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಹುಳಿಗೆ ಬೇಳೆ ಎಷ್ಟು ಹಾಕಲಿ ಅಂತ ಕೇಳುವವಳ ಹಾಗೆ ನಗುನಗುತ್ತಾ ಕನ್ನಡದಲ್ಲಿ ಅವಳಿಗೆ ಹೇಳಿದೆ: "ಇಲ್ಲಿಗೆ ಬರಬೇಡ ಕಣೇ. ಅವನು ಇಲ್ಲೇ ಕೂತು ಕಾಫಿ ಕುಡೀತಿದಾನೆ. ಗಾಡಿ ತಿರುಗಿಸಿ ಒಂಬತ್ತು ಒಂದು ಒಂದಕ್ಕೆ ಹೇಳು." ಪೊಲೀಸ್ ಅಂದಿದ್ದರೆ ಅವನಿಗೂ ಗೊತ್ತಾಗುತ್ತಿತ್ತು.

ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಅವತ್ತು ಸಣ್ಣ ದನಿಯಲ್ಲಿ, "ಆಯ್ತು ಚಿಕ್ಕಮ್ಮ. ನೀವು ಬಾಗಿಲ ಹತ್ರಾನೇ ಇರಿ," ಅಂದಳು.

ಅವನು ಲೋಟ ಖಾಲಿ ಮಾಡಿ, ಅತ್ತೆಗೆ ಕೈ ಮುಗಿದ. ಬೂಟು ಹಾಕಿಕೊಳ್ಳುತ್ತಾ ಇಂಗ್ಲಿಷಿನಲ್ಲಿ ನನಗೆ ಹೇಳಿದ: "ಇವತ್ತು ಬರಲ್ಲ ಅಲ್ವಾ? ಪರವಾಗಿಲ್ಲ. ಈ ಮನೆ ದಾರಿ ನನಗೆ ಗೊತ್ತು."

ಅವನು ಹೋದ ಮೇಲೆ ಬಂದ ಪೊಲೀಸಿನವನಿಗೆ ಕಮಾಂಡರ ಆರ್ಡರಿನ ವಿಷಯ ಹೇಳಿದೆ. ಅದು ಸೈನ್ಯದ ಒಳಗಿನ ಆಜ್ಞೆ, ಮೀರಿದರೆ ಶಿಕ್ಷೆ ಕೊಡೋದು ಕಮಾಂಡರೇ, ಅದನ್ನು ಹಿಡಿದು ತಾನು ಅರೆಸ್ಟ್ ಮಾಡೋಕಾಗಲ್ಲ, ಕೋರ್ಟಿನ ಆರ್ಡರೇ ಬೇಕು ಅಂದ.

ಕೋರ್ಟಿಗೆ ಹೋದೆವು. ಅತ್ತೆಯೂ ಬಂದು, ತಾವೇ ಕಾಫಿ ಕೊಟ್ಟಿದ್ದೆಂದು ಸಾಕ್ಷಿ ಹೇಳಿದರು. ಜಡ್ಜು ಎರಡು ವರ್ಷದ ಆರ್ಡರ್ ಕೊಟ್ಟರು. ಅವಳ ಹತ್ತಿರ, ನಮ್ಮ ಮನೆ ಹತ್ತಿರ ಸುಳಿದರೆ ಅರೆಸ್ಟು.

ವಾಪಸ್ ಬರುವಾಗ ಕಾರಿನಲ್ಲಿ ಅತ್ತೆ ಕೇಳಿದರು, "ಅವನು ಅದನ್ನ ಸರಿಯಾಗಿ ಓದ್ಕೋತಾನೇನಮ್ಮ?"

"ಓದ್ಕೋತಾನೆ ಅಜ್ಜಿ," ಅಂದಳು ಹಿಂದಿನ ಸೀಟಿನಿಂದ ನಮ್ಮ ಹುಡುಗಿ. "ಮೊದಲನೇದನ್ನೂ ಪೂರ್ತಿ ಓದಿದ್ದ. ಅದಕ್ಕೇ ಬೇಸಿನ ಗೇಟೊಳಗೆ ಏನೂ ಮಾಡಲಿಲ್ಲ, ಇಲ್ಲಿಗೆ ಬಂದ."

ಮನೆ ತಲುಪಿದೆವು. ಅತ್ತೆ ಕಾರಿಳಿದವರೇ ಬಾಗಿಲ ಹೊರಗಿದ್ದ ನಮ್ಮ ಚಪ್ಪಲಿಗಳನ್ನೆಲ್ಲ ಒಳಗೆ ತಂದಿಟ್ಟು ಚಿಲಕ ಹಾಕಿದರು.