ನೀರಿನ ಕೆಳಗೆ ಒಂದು ಹೆಸರು

ಬಾಳಾಸಾಬ ಸರ್ ಅಥಣಿಯ ನಮ್ಮ ಕಾಲೇಜಿಗೆ ಪಾಠ ಹೇಳಲು ಬಂದದ್ದು ಎಂಬತ್ತೆರಡನೇ ಇಸವಿಯಲ್ಲಿ. ನಾನು ಧರೆಪ್ಪ, ಅಲ್ಲಿನ ರಸಾಯನಶಾಸ್ತ್ರ ಲ್ಯಾಬಿನ ಅಟೆಂಡರ್. ಜೀವನವಿಡೀ ಆ್ಯಸಿಡ್ ಬಾಟಲಿ ತೊಳೆದವನ ಮಾತು ಸ್ವಲ್ಪ ಖಾರವೇ ಇರುತ್ತದೆ, ಸಹಿಸಿಕೊಳ್ಳಿ.

ನಮ್ಮಲ್ಲೊಂದು ಪದ್ಧತಿಯಿತ್ತು. ಪಿಯುಸಿ ಎರಡನೇ ವರ್ಷದವರು ಪಠ್ಯದ ಜೊತೆ ಒಂದು ಐಚ್ಛಿಕ ವಿಷಯ ಆರಿಸಿಕೊಂಡು, ಕೊನೆಗೆ ಕಾಲೇಜಿನದೇ ಒಂದು ಪರೀಕ್ಷೆ ಬರೆಯಬೇಕು. ಔಷಧ, ಬಣ್ಣ, ನೀರು, ಮೂರರಲ್ಲಿ ಒಂದು. ಜುಲೈಯಲ್ಲಿ ಲ್ಯಾಬಿನ ಬಾಗಿಲಿಗೆ ಪಟ್ಟಿ ಅಂಟಿಸುವವನು ನಾನು. ಹುಡುಗರೆಲ್ಲ ಔಷಧದ ಕೆಳಗೇ ಹೆಸರು ಬರೆಯುತ್ತಿದ್ದರು. ಔಷಧವೆಂದರೆ ಎಲ್ಲಿಲ್ಲದ ಪ್ರೀತಿ ಅಂತಲ್ಲ, ಹಿಂದಿನವರ ನೋಟ್ಸ್ ಪುಕ್ಕಟೆ ಸಿಗುತ್ತಿತ್ತು, ಅಷ್ಟೇ.

ನೀರು ಬಾಳಾಸಾಬ ಸರ್ ಅವರ ವಿಷಯ. ಅವರು ಇಲ್ಲೇ ನಮ್ಮ ತಾಲೂಕಿನ ಅನಂತಪುರದ ಕಡೆಯವರು. ಮನೆಯ ಬಾವಿ ಸವಳು, ಉಪ್ಪುಪ್ಪು ನೀರು. "ನಮ್ಮ ಬಾವಿ ನೀರಾಗ ಬ್ಯಾಳಿ ಬೇಯೂದಿಲ್ಲೋ ಧರೆಪ್ಪ. ನಮ್ಮವ್ವ ಇಡೀ ಜನ್ಮ ಮಂದಿ ಬಾವಿಯಿಂದ ಹೊತ್ತಾಳ," ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ, ಒಂದು ಬಾಡಿಗೆ ಖೋಲಿ. ಆರು ವರ್ಷ ನೀರಿನ ಕೆಳಗೆ ಒಂದು ಹೆಸರೂ ಬೀಳಲಿಲ್ಲ. ಆದರೂ ಶನಿವಾರ ಬ್ಯುರೆಟ್ ತುಂಬಿಸಿಟ್ಟು ಖಾಲಿ ಸ್ಟೂಲುಗಳ ಮುಂದೆ ಒಂದು ತಾಸು ಕೂರುತ್ತಿದ್ದರು. ಒಮ್ಮೊಮ್ಮೆ ತಮ್ಮಷ್ಟಕ್ಕೆ ಪಾಠವನ್ನೂ ಹೇಳುತ್ತಿದ್ದರು. ಹತ್ತು ಹೆಜ್ಜೆ ಆಚೆ ಬಾಟಲಿ ತೊಳೆಯುತ್ತಾ ನಾನು ಕೇಳಿಸಿಕೊಳ್ಳುತ್ತಿದ್ದೆ.

ಎಂಬತ್ತೆಂಟರಲ್ಲಿ ಒಂದು ಹೆಸರು ಬಿತ್ತು. ಜಿನಮತಿ, ಜೈನರ ಮನೆಯ ಹುಡುಗಿ, ಮಾತು ಕಡಿಮೆ. "ಒಬ್ಬಾಕಿಗೆ ಪೇಪರ್ ಛಾಪಿಸಾಕ ಆಗೂದಿಲ್ರಿ," ಎಂದರು ಬಾಗಿಲ ಪಟ್ಟಿ ನೋಡಿದ ಪ್ರಿನ್ಸಿಪಾಲರು. "ನಾ ಕೈಲೆ ಬರೀತೀನ್ರಿ," ಎಂದು ಸರ್ ಓಡೋಡಿ ಬಂದರು. ಆ ಮುಖ ನೋಡಬೇಕಿತ್ತು ನೀವು!

ಮೊದಲ ಶನಿವಾರ ಅವಳು ಮನೆಯ ಬಾವಿ ನೀರು ತಂದಳು. ಅದರಲ್ಲಿ ಎಷ್ಟು ಕಸವಿದೆಯೆಂದು ಕಾಗದದಲ್ಲಿ ಸೋಸಿ ತೂಗಬೇಕು. ತೂಗಿದರೆ ಏನೂ ಇಲ್ಲ. ಮತ್ತೆ ತೂಗಿದರು, ತಕ್ಕಡಿಯನ್ನು ಬೈದರು, ನನ್ನನ್ನೂ ಬೈದರು. ಆಮೇಲೆ ಹುಡುಗಿ ಬಾಯಿಬಿಟ್ಟಳು: "ಸೋಸಲಾರದ ನೀರು ಹೆಂಗ ತರೂದ್ರಿ ಸರ್? ಮನಿಯಾಗ ಕೊಡದ ಬಾಯಿಗೆ ಅರಿವಿ ಕಟ್ಟಿ ಸೋಸೇನಿ. ಅರಿವ್ಯಾಗ ಉಳದ ಜೀವಕ್ಕ ತ್ರಾಸ ಆಗಬಾರದಂತ ತಿರುಗಿ ಅದೇ ಬಾವಿಗೆ ಬಿಟ್ಟು ಬಂದೇನ್ರಿ."

ಸರ್ ನಕ್ಕರು. ಆರು ವರ್ಷದಲ್ಲಿ ಆ ಮನುಷ್ಯ ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. "ಇರಲಿ ತಂಗಿ, ನೀರಾಗ ಕರಗಿದ ಸವಳು ನಿನ್ನ ಅರಿವಿಗೂ ಸಿಗೂದಿಲ್ಲ. ಅದನ್ನ ಹಿಡಿಯೋಣ," ಎಂದರು. ವರ್ಷಪೂರ್ತಿ ಒಂದು ಶನಿವಾರವೂ ತಪ್ಪಲಿಲ್ಲ. ಸರ್ ಅಂಗಿಗೆ ಇಸ್ತ್ರಿ ಮಾಡಿಸಲು ಶುರುಮಾಡಿದರು.

ಪರೀಕ್ಷೆಯ ದಿನ ಕೈಯಲ್ಲಿ ಬರೆದ ಒಂದೇ ಪೇಪರ್ ಮೇಜಿನ ಮೇಲಿಟ್ಟು ಕಾದರು. ಗಂಟೆ ಹೊಡೆಯಿತು. ಜಿನಮತಿ ಬರಲಿಲ್ಲ. ನಾನು ಹುಡುಕಿಕೊಂಡು ಹೋದರೆ, ಔಷಧದ ಪರೀಕ್ಷೆಯ ಕೋಣೆಯಲ್ಲಿ ತಲೆ ಬಗ್ಗಿಸಿ ಬರೆಯುತ್ತಿದ್ದಾಳೆ! ನನಗೆ ಮೈಯೆಲ್ಲ ಉರಿಯಿತು.

ಮುಗಿಸಿ ಬಂದವಳು ಲ್ಯಾಬಿನ ಬಾಗಿಲಲ್ಲೇ ನಿಂತಳು. "ಆಫೀಸಿನ ಪರೀಕ್ಷಾ ಫಾರ್ಮಿನ್ಯಾಗ ಮೊದಲಽ ಔಷಧ ಅಂತ ಬರದಿದ್ದೆ ಸರ್. ಅಕ್ಕನ ನೋಟ್ಸ್ ಇದ್ದೂ. ಹೇಳಾಕ ಧೈರ್ಯ ಆಗಲಿಲ್ರಿ."

"ಮತ್ತ ವರ್ಷಾನಗಟ್ಟಲೆ ಯಾಕ ಬಂದಿ?"

"ನೀವು ಒಬ್ಬರಽ ಕುಂತಿರತಿದ್ರಲ್ರಿ."

ಸರ್ ಪೇಪರನ್ನು ಮಡಚಿ ಜೇಬಿಗಿಟ್ಟುಕೊಂಡರು. "ಹೋಗವ್ವಾ, ಛಲೋ ಬರದಿಯಲ್ಲ, ಸಾಕು," ಎಂದರು.

ಮುಂದಿನ ಜುಲೈಯಲ್ಲಿ ಆಫೀಸಿನಿಂದ ನನ್ನ ಕೈಗೆ ಬಂದ ಪಟ್ಟಿಯಲ್ಲಿ ಎರಡೇ ವಿಷಯ, ನೀರು ಇಲ್ಲ. ನನಗೆ ಸಿಟ್ಟು ತಡೆಯಲಿಲ್ಲ. ಪೆನ್ನು ತೆಗೆದು ಮೂರನೆಯದಾಗಿ "ನೀರು" ಎಂದು ಬರೆದೆ, ಕೆಳಗೆ "ಧರೆಪ್ಪ" ಎಂದು ನನ್ನ ಹೆಸರನ್ನೇ ಬರೆದು ಅಂಟಿಸಿದೆ.

ಸರ್ ಓದಿದರು, ಬಹಳ ಹೊತ್ತು ಓದಿದರು. ಕೆಂಪು ಮಸಿಯಿಂದ ನನ್ನ ಹೆಸರಿನ ಮೇಲೆ ನೆಟ್ಟಗೆ ಒಂದು ಗೆರೆ ಎಳೆದರು. "ಕನಿಕರ ಒಮ್ಮೆ ಸಾಕೋ ಧರೆಪ್ಪ," ಎಂದರು.

ಅವರು ಹೇಳಿದ್ದು ಸುಳ್ಳೇನಲ್ಲ, ನಾನು ಬರೆದದ್ದು ಕನಿಕರಕ್ಕೇ. ಆದರೆ ಮೊದಲಿನ ಆರು ವರ್ಷಗಳಲ್ಲಿ ಯಾವುದಾದರೂ ಒಂದು ಶನಿವಾರ ಕೈ ಒರೆಸಿಕೊಂಡು ಬಂದು ಆ ಸ್ಟೂಲಿನ ಮೇಲೆ ಕೂತಿದ್ದರೆ, ಅದನ್ನು ಅವರು ಕನಿಕರ ಅನ್ನುತ್ತಿರಲಿಲ್ಲ.