‘ಸರ್ ಮಾಡಿದ್ದು ತಪ್ಪು’

ಮೊನ್ನೆ ಪುಸ್ತಕದ ಕಪಾಟು ಒರೆಸುವಾಗ ಹಿಂದಿನ ಸಾಲಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಹಳೆಯ ಫ್ಲಾಪಿಗಳು; ಬೂಷ್ಟು ಹಿಡಿದ ಪ್ಲಾಸ್ಟಿಕ್ಕಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಫ್ಲಾಪಿ ಅಂದರೇನು ಎಂದು ಕೇಳುವ ವಯಸ್ಸು ನಿಮ್ಮದಾದರೆ, ಅಂಗೈಯಗಲದ ಚೌಕ ಬಿಲ್ಲೆ ಅಂದುಕೊಳ್ಳಿ. ಈಗಿನ ಮೊಬೈಲಿನ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸುವುದಿಲ್ಲ. ನನ್ನ ದೊಡ್ಡಸ್ತಿಕೆ ಮಾತ್ರ ಒಂದು ಕಾಲಕ್ಕೆ ಪೂರ್ತಿ ಹಿಡಿಸಿತ್ತು.

ತೊಂಬತ್ತರ ದಶಕ ಮುಗಿಯುತ್ತಿದ್ದ ದಿನಗಳು. ನಾನು ಶಿಕಾರಿಪುರದ ಕಾಲೇಜೊಂದರಲ್ಲಿ ಗಣಿತದ ಮೇಷ್ಟ್ರು. ಕಾಲೇಜಿಗೆ ಬಂದಿದ್ದ ಒಂದೇ ಕಂಪ್ಯೂಟರಿಗೆ ಬಟ್ಟೆಯ ಮುಸುಕು ಹೊಲಿಸಿ, ಪ್ರತ್ಯೇಕ ಕೋಣೆಯಲ್ಲಿಟ್ಟು, ಚಪ್ಪಲಿ ಬಿಟ್ಟು ಒಳಗೆ ಹೋಗುವ ಪದ್ಧತಿ ಮಾಡಿದ್ದೆವು. ಕೋಣೆಯ ಬೀಗದ ಕೈ ನನ್ನ ಜೇಬಿನಲ್ಲಿದ್ದುದರಿಂದ ಕಂಪ್ಯೂಟರ್ ಪಂಡಿತ ಎಂಬ ಹೆಸರೂ ನನಗೇ ಬಂತು. ಊರಿನಲ್ಲಿ ಬೇರೆ ಪಂಡಿತರಿದ್ದರೆ ತಾನೇ ಪರೀಕ್ಷೆ ಮಾಡುವುದಕ್ಕೆ!

ಸೊರಬದ ಬಸ್‌ಸ್ಟ್ಯಾಂಡ್ ಹತ್ತಿರ ಗಿರಿಜಮ್ಮ ಎಂಬಾಕೆ ಟೈಪಿಂಗ್ ಶಾಲೆ ನಡೆಸುತ್ತಿದ್ದರು. ನಲವತ್ತರ ಆಸುಪಾಸಿನವರು, ಮಿತ ಮಾತು. ಕಾಲ ಬದಲಾಗುತ್ತಿದೆ ಎಂದು ಅವರೂ ಒಂದು ಕಂಪ್ಯೂಟರ್ ತಂದು, ಪ್ರೋಗ್ರಾಂ ಬರೆಯುವುದನ್ನು ಕಲಿಸಿ ಎಂದು ನನಗೆ ಹೇಳಿಕಳಿಸಿದರು. ಭಾನುವಾರ ಭಾನುವಾರ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹತ್ತಿ ಹೋಗುತ್ತಿದ್ದೆ. ನನಗೆ ಗೊತ್ತಿದ್ದದ್ದು ನಾಲ್ಕು ಭಾನುವಾರಕ್ಕೆ ಮುಗಿಯಿತು. ಐದನೆಯ ವಾರದಿಂದ ಅವರೇ ನನಗೆ ಕಲಿಸುತ್ತಿದ್ದರು. ಆದರೂ ‘ಸರ್’ ಎಂದೇ ಕರೆಯುತ್ತಿದ್ದರಲ್ಲ, ಅದರಿಂದ ನನಗೆ ಅದು ತಿಳಿಯಲಿಲ್ಲ.

ಒಂದು ಭಾನುವಾರ ಅಲ್ಲಿ ಚಂದ್ರಗುತ್ತಿ ಕಡೆಯ ಅಣ್ಣತಮ್ಮಂದಿರಿಬ್ಬರು ಪಾಲುಪತ್ರ ಟೈಪ್ ಮಾಡಿಸಲು ಬಂದು ಜಗಳಕ್ಕೆ ಬಿದ್ದಿದ್ದರು. ಎರಡು ಎಕರೆ ಮೂವತ್ತೈದು ಗುಂಟೆಗೆ ಒಂದು ಎಕರೆ ಹತ್ತು ಗುಂಟೆ ಸೇರಿಸಿದರೆ ಎಷ್ಟು? ಎಕರೆಗೆ ನಲವತ್ತು ಗುಂಟೆ. ಆದ್ದರಿಂದ ನಾಲ್ಕು ಎಕರೆ ಐದು ಗುಂಟೆ. ಅಣ್ಣನ ಕೈಯಲ್ಲಿದ್ದ ಕ್ಯಾಲ್ಕುಲೇಟರಿಗೆ ಅದು ಗೊತ್ತಿಲ್ಲದೆ ಮೂರು ಪಾಯಿಂಟ್ ನಲವತ್ತೈದು ಎಂದು ತೋರಿಸಿತ್ತು. “ಮಿಷನ್ ಸುಳ್ಳು ಹೇಳ್ತದಾ?” ಎಂದು ಅವನ ವಾದ.

ಗಣಿತದ ಮೇಷ್ಟ್ರ ರಕ್ತ ಕುದಿಯಿತು. ಆ ವಾರವೇ ‘ಗುಂಟೆ’ ಎಂಬ ಪುಟ್ಟ ಪ್ರೋಗ್ರಾಂ ಬರೆದು, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಫ್ಲಾಪಿ ಕಳಿಸಿದೆ. ಮುಂದಿನ ಭಾನುವಾರ ಹೋದಾಗ ಗಿರಿಜಮ್ಮ ತಲೆ ಎತ್ತದೆ ಕೇಳಿದರು:

“ಸರ್, ತೊಂಬತ್ತಾರು ಗುಂಟೆ ಬರೋ ಜಮೀನು ಯಾವ ಊರಲ್ಲಿದೆ?”

ನಾಲ್ಕು ಎಕರೆ ಐದು ಗುಂಟೆಯಲ್ಲಿ ಬೆಳೆ ಬಾರದ ಖರಾಬು ಒಂಬತ್ತು ಗುಂಟೆ ಕಳೆದರೆ, ನನ್ನ ಪ್ರೋಗ್ರಾಂ ಮೂರು ಎಕರೆ ತೊಂಬತ್ತಾರು ಗುಂಟೆ ಎನ್ನುತ್ತಿತ್ತು. ಕೂಡುವಾಗ ನಲವತ್ತರ ಲೆಕ್ಕ ನೆನಪಿತ್ತು. ಕಳೆಯುವಾಗ ಎಕರೆಗೆ ನೂರು ಗುಂಟೆಯಂತೆ ಸಾಲ ತಂದಿದ್ದೆ. “ಕೈತಪ್ಪು” ಎಂದೆ. ಅವರು ಕೀಬೋರ್ಡ್ ಹತ್ತಿರಕ್ಕೆ ಎಳೆದುಕೊಂಡರು. ಹದಿನೈದು ದಿನದಲ್ಲಿ ಕಳೆಯುವುದು, ಪಾಲು ಹಂಚುವುದು, ಗುಂಟೆಯ ಕೆಳಗಿನ ಆಣೆ, ಎಲ್ಲವನ್ನೂ ಹೊಸದಾಗಿ ಬರೆದು ಕೊಟ್ಟರು. ನನ್ನದೆಂದು ಅದರಲ್ಲಿ ಉಳಿದದ್ದು ಹೆಸರು ಮತ್ತು ಕೂಡುವ ಲೆಕ್ಕ.

ಇಷ್ಟಕ್ಕೆ ಸುಮ್ಮನಿದ್ದಿದ್ದರೆ ಈ ಬರಹ ಇರುತ್ತಿರಲಿಲ್ಲ. ಆದರೆ ನಮ್ಮ ಎರಡೂ ಕಂಪ್ಯೂಟರಿನಲ್ಲಿ ಲಿನಕ್ಸ್ ಇತ್ತು. ಯಾರು ಬೇಕಾದರೂ ಬಳಸಬಹುದಾದ, ಒಳಗೆ ಕೈಹಾಕಿ ತಿದ್ದಬಹುದಾದ ವ್ಯವಸ್ಥೆ ಅದು. ಲೋಕದ ತುಂಬ ಇರುವ ಸ್ವಯಂಸೇವಕರು ಸಾವಿರಾರು ಪ್ರೋಗ್ರಾಂಗಳನ್ನು ಅದರ ಜೊತೆ ಒಟ್ಟುಮಾಡಿ ಹಂಚುತ್ತಾರೆ. ಆ ಗುಂಪಿಗೆ ಸೇರಬೇಕಾದರೆ ಪ್ರೋಗ್ರಾಮನ್ನು ‘ಪ್ಯಾಕೇಜ್’ ಆಗಿ ಕಟ್ಟಬೇಕು: ಬಳಸುವ ವಿಧಾನದ ಒಂದು ಪುಟ, ಎಲ್ಲಿ ಏನು ಕೂರಬೇಕೆಂಬ ಪಟ್ಟಿ, ಜೊತೆಗೆ ಬರೆದವರು ಯಾರು, ಬಳಸಲು ಹೇಗೆ ಒಪ್ಪಿಗೆ ಕೊಟ್ಟಿದ್ದಾರೆ ಎಂಬ ಕಾಗದ. ನಾನು ಎರಡು ತಿಂಗಳು ಕೂತು ಕಟ್ಟಿದೆ. ಬರೆದವರು ಎಂಬಲ್ಲಿ ನನ್ನ ಹೆಸರು, ಡಿಗ್ರಿಗಳ ಸಮೇತ. ಇನ್ನೂ ಎರಡು ಕಡೆ ಜಾಗವಿತ್ತು; ಅಲ್ಲೂ ಹಾಕಿದೆ. ಶಿವಮೊಗ್ಗದ ಇಂಟರ್ನೆಟ್ ಅಂಗಡಿಗೆ ಹೋಗಿ ಕಳಿಸಿಯೂ ಬಂದೆ.

ಕಳಿಸಿದ್ದನ್ನೇ ಪ್ರಿನ್ಸಿಪಾಲರು ಸ್ವೀಕಾರವಾಯಿತು ಎಂದು ತಿಳಿದರು. ನಾನು ಬಿಡಿಸಿ ಹೇಳಲಿಲ್ಲ. “ಏನ್ರೀ ಮೇಷ್ಟ್ರೇ, ನಮ್ಮ ಕಾಲೇಜಿನ ಹೆಸರು ಸಮುದ್ರ ದಾಟಿಸಿಬಿಟ್ರಲ್ರೀ!” ಎಂದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ನಲವತ್ತು ನಿಮಿಷ ಮಾತಾಡಿದರು. ನಾನು ಅದಕ್ಕೂ ಹೆಚ್ಚು ಹೊತ್ತು ಮಾತಾಡಿದೆ.

ಮುಂದಿನ ಶನಿವಾರ ಶಿವಮೊಗ್ಗದಲ್ಲಿ ಮೇಲ್ ತೆರೆದರೆ, ಪ್ಯಾಕೇಜ್ ಪರೀಕ್ಷಿಸುವ ಸ್ವಯಂಸೇವಕನ ಪತ್ರ. ಎಲ್ಲೋ ದೂರದ ಚಳಿ ದೇಶದವನು. ಬಹಳ ವಿನಯದಿಂದ ಕೇಳಿದ್ದ: ಪ್ರೋಗ್ರಾಮಿನ ನಡುವೆ ಇಂಗ್ಲಿಷ್ ಅಕ್ಷರದಲ್ಲಿ ಬೇರೆ ಯಾವುದೋ ಭಾಷೆಯ ಸಾಲೊಂದಿದೆ, ಕೆಳಗೆ ‘ಗಿ’ ಎಂಬ ಗುರುತಿದೆ. ದಯವಿಟ್ಟು ಅದರ ಅರ್ಥ ತಿಳಿಸಿ. ಈ ‘ಗಿ’ ಯಾರು?

ಸಾಲು ಹೀಗಿತ್ತು: ‘ಸರ್ ಮಾಡಿದ್ದು ತಪ್ಪು. ಇಲ್ಲಿಂದ ಸರಿ ಇದೆ. ಗಿ.’

ಗಿರಿಜಮ್ಮ ತಮ್ಮ ನೆನಪಿಗೆಂದು ಬರೆದುಕೊಂಡದ್ದು. ನಾನು ಕಳಿಸಿದ ಪ್ರೋಗ್ರಾಮನ್ನು ಮೊದಲಿಂದ ಕೊನೆವರೆಗೆ ಓದಿದವನು ಅವನೊಬ್ಬನೇ ಎಂದು ಕಾಣುತ್ತದೆ, ನಾನೇ ಓದಿರಲಿಲ್ಲ. ಆಗ ನಾನು ಮಾಡಿದ ಕೆಲಸವನ್ನು ಮರೆಮಾಚದೆ ಹೇಳುತ್ತೇನೆ: ಆ ಸಾಲು ಅಳಿಸಿ, ‘ಗಿ’ ನನ್ನ ಟೈಪಿಸ್ಟ್ ಎಂದು ಬರೆದು, ಹೊಸ ಪ್ರತಿ ಕಳಿಸಿದೆ.

ಅವನ ಉತ್ತರ ಮೂರೇ ಸಾಲು. ‘ಅರ್ಥ ಕೇಳಿದ್ದೆ, ಅಳಿಸಲು ಹೇಳಿರಲಿಲ್ಲ. ಮುಕ್ಕಾಲು ಭಾಗ ಬೇರೆ ಕೈಯ ಬರಹದಂತೆ ಕಾಣುತ್ತದೆ. ಆ ಕೈಯವರ ಒಪ್ಪಿಗೆ ಇಲ್ಲದೆ ತೆಗೆದುಕೊಳ್ಳಲಾಗುವುದಿಲ್ಲ.’

ಸೊರಬದ ಬಸ್ಸು ಅವತ್ತು ಬೇಗ ತಲುಪಿಬಿಟ್ಟಿತು. ನಾನು ಎಲ್ಲವನ್ನೂ ಹೇಳಿದೆ. ಟೈಪಿಸ್ಟ್ ಎಂದದ್ದೊಂದು ಬಿಟ್ಟು. ಗಿರಿಜಮ್ಮ ಪತ್ರದ ಪ್ರತಿ ಇಸಿದುಕೊಂಡು ತಾವೇ ಓದಿದರು. ಅದರ ಬುಡದಲ್ಲಿ ನನ್ನ ಮಾತೂ ಇತ್ತು.

“ಟೈಪಿಸ್ಟ್ ಹೌದು,” ಎಂದರು. “ಅದರಲ್ಲಿ ಸುಳ್ಳಿಲ್ಲ.”

ಬೈದಿದ್ದರೆ ಚೆನ್ನಾಗಿತ್ತು. ನಾನು “ನಿಮ್ಮ ಒಪ್ಪಿಗೆ ಬೇಕಿತ್ತು” ಎಂದೆ.

“ಕೇಳ್ತಿರೋದು ಯಾರು ಸರ್? ನೀವಾ, ಅವರಾ?”

“ಅವರು.”

“ಹಾಗಿದ್ರೆ ಅವರಿಗೇ ಬರೀತೀನಿ.” ಪತ್ರ ಮಡಿಸುತ್ತ ಕೇಳಿದರು, “ಇದಕ್ಕೆ ಸೇರಿಸಿದ್ಮೇಲೆ ಯಾರು ಬೇಕಾದ್ರೂ ತಿದ್ದಬಹುದು ಅಲ್ವಾ?”

“ಹೌದು.”

“ನನ್ನದರಲ್ಲಿ ತಪ್ಪಿದ್ರೂ ತಿದ್ದಲಿ. ಆದ್ರೆ ನೀವು ಅಳಿಸಿದ ಸಾಲು ಮೊದಲು ವಾಪಸ್ ಹಾಕಿ.”

ಹಾಕಿದೆ. ಅವನಿಗೆ ಅದರ ಅರ್ಥವನ್ನೂ ಇಂಗ್ಲಿಷಿನಲ್ಲಿ ಬರೆದು ತಿಳಿಸಿದೆ. ಇಷ್ಟು ನಿಖರವಾದ ಅನುವಾದ ನಾನು ಜೀವನದಲ್ಲಿ ಇನ್ನೊಂದು ಮಾಡಿಲ್ಲ. ಕೆಲವು ತಿಂಗಳ ಮೇಲೆ ಪ್ಯಾಕೇಜ್ ಸೇರಿತು. ಬರೆದವರು ಗಿರಿಜಮ್ಮ, ಕೂಡುವ ಲೆಕ್ಕ ಮತ್ತು ಪ್ಯಾಕೇಜ್ ಕಟ್ಟಿದ್ದು ನಾನು. ಕಾಲೇಜಿನಲ್ಲಿ ಮಾತ್ರ ಈ ಸುದ್ದಿ ಹೇಳಲಿಲ್ಲ. ಹೊದ್ದ ಶಾಲು ಬೆಚ್ಚಗಿತ್ತು. ಇವತ್ತು ನಾಳೆ ಎನ್ನುತ್ತ ನಿವೃತ್ತಿಯೂ ಆಯಿತು.

ಕಳೆದ ವಾರ ಹಳೆಯ ವಿದ್ಯಾರ್ಥಿಗಳು ಸೇರಿ ನಮ್ಮಂಥ ಮುದುಕರನ್ನು ಕರೆದಿದ್ದರು. ನಿರೂಪಕಿ ನನ್ನನ್ನು ‘ಸಾಫ್ಟ್‌ವೇರ್ ಸಾಧಕರು’ ಎಂದಳು. ಮೈಕ್ ಕೈಗೆ ಬಂದದ್ದೇ, ಮೇಲಿನದೆಲ್ಲವನ್ನೂ, ಟೈಪಿಸ್ಟ್ ಎಂದದ್ದನ್ನೂ ಬಿಡದೆ, ಹೇಳಿಬಿಟ್ಟೆ. ಆಮೇಲೆ ಚಪ್ಪಾಳೆಯೋ ಚಪ್ಪಾಳೆ. “ಎಂಥ ದೊಡ್ಡ ಮನಸ್ಸು ಸರ್ ನಿಮ್ದು! ಯಾರು ಹೇಳ್ತಾರೆ ಈಗಿನ ಕಾಲದಲ್ಲಿ?” ಎಂದು ಒಬ್ಬ ಕಾಲಿಗೇ ಬಿದ್ದ. ಕದ್ದಾಗಲೂ ನನಗೇ ಗೌರವ, ಒಪ್ಪಿಸಿದಾಗಲೂ ನನಗೇ! ಗಿರಿಜಮ್ಮ ಎಂದರೆ ಯಾರು, ಈಗ ಎಲ್ಲಿದ್ದಾರೆ ಎಂದು ಅಷ್ಟು ಜನರಲ್ಲಿ ಒಬ್ಬರೂ ಕೇಳಲಿಲ್ಲ.

ಹೊರಗೆ ಬಂದು ಸೊರಬಕ್ಕೆ ಫೋನ್ ಮಾಡಿದೆ. ಎಲ್ಲ ಹೇಳಿದೆ, ಚಪ್ಪಾಳೆಯ ಸಮೇತ.

“ಹೌದಾ,” ಎಂದರು ಗಿರಿಜಮ್ಮ. ಆ ಕಡೆ ಪಾತ್ರೆಯ ಸದ್ದು. “ಒಲೆ ಮೇಲೆ ಹಾಲಿಟ್ಟಿದೀನಿ. ಫೋನ್ ಇಡ್ಲಾ ಸರ್?”